ಐಸ್ ಹೋಗಿ ಹತ್ತೇ ದಿನ, ಲೀಚ್ ಲೇಕ್, ವಾಲೈ ಓಪನರ್: ಎಲ್ಲಿಂದ ಶುರು ಮಾಡೋದು?

ಬೆಂಡು_ಮುಳುಗ್ತು:

ಮಿನೆಸೋಟದ ವಾಲೈ ಓಪನರ್‌ಗೆ (ವಾಲೈ ಮೀನು ಹಿಡಿಯೋ ಋತು ಶುರುವಾಗೋ ದಿನ) ಲೀಚ್ ಲೇಕ್‌ಗೆ ಹೋಗ್ತಿದ್ದೀವಿ, ಬೋಟಲ್ಲಿ ಇಬ್ಬರು. ಈ ಸಲ ಐಸ್ ತಡವಾಗಿ ಹೋಗಿದೆ. ಓಪನರ್ ಶನಿವಾರಕ್ಕೆ ಲೇಕ್ ತೆರೆದು ಹತ್ತು ಹನ್ನೊಂದು ದಿನ ಆಗಿರುತ್ತೆ ಅಷ್ಟೇ. 16 ಅಡಿ ಅಲ್ಯೂಮಿನಿಯಂ ಬೋಟ್, 25 ಹಾರ್ಸ್‌ಪವರ್ ಟಿಲ್ಲರ್ (ಹಿಡಿ ತಿರುಗಿಸಿ ಓಡಿಸೋ ಮೋಟರ್), ಮುಂದೆ ನಿಧಾನಕ್ಕೆ ಸಾಗೋದಕ್ಕೆ ಟ್ರೋಲಿಂಗ್ ಮೋಟರ್, ಸಾಧಾರಣ ಸೋನಾರ್ ಇದೆ.

ಬೇಸಿಗೆಯ ವಾಲೈ ಹಿಡಿದು ರೂಢಿ ಇದೆ. ಜಿಗಣೆ ಕಟ್ಟಿ 20-25 ಅಡಿ ಆಳದ ದಿಬ್ಬಗಳ ಅಂಚಲ್ಲಿ ಎಳೆಯೋದು. ಆದರೆ ಇಷ್ಟು ತಣ್ಣಗಿನ ನೀರಲ್ಲಿ ಇವೆಲ್ಲ ನಡೆಯಲ್ಲ ಅಂತಾರೆ. ನನಗೆ ಬೇಕಾಗಿರೋದು:

1. ಇಷ್ಟು ದೊಡ್ಡ ಲೇಕ್‌ನಲ್ಲಿ ಮೊದಲು ಯಾವ ಕಡೆ, ಎಷ್ಟು ಆಳದಲ್ಲಿ ಹುಡುಕಬೇಕು?
2. ಎರೆ ಯಾವುದು? ಶೈನರ್ (ಎರೆಗೆ ಬಳಸೋ ಒಂದು ಸಣ್ಣ ಮೀನು) ಸಿಗೋದೇ ಕಷ್ಟ ಅನ್ನೋ ಸುದ್ದಿ ಇದೆ.
3. ಜಿಗ್ (ತಲೆಗೆ ತೂಕ ಕೂರಿಸಿದ ಕೊಕ್ಕೆ) ಎಷ್ಟು ತೂಕದ್ದು, ಲೈನ್ (ಗಾಳದ ದಾರ) ಎಷ್ಟರದ್ದು?

ತಣ್ಣೀರು:

ಕ್ಯಾಲೆಂಡರ್ ಪಕ್ಕಕ್ಕಿಡಿ, ಥರ್ಮಾಮೀಟರ್ ನೋಡಿ. ಓಪನರ್ ಯಾವಾಗಲೂ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಎರಡು ವಾರ ಮುಂಚಿನ ಶನಿವಾರವೇ, ಆದರೆ ಅವತ್ತು ನೀರು ಎಲ್ಲಿಗೆ ಬಂದಿರುತ್ತೆ ಅನ್ನೋದು ವರ್ಷದಿಂದ ವರ್ಷಕ್ಕೆ ಬೇರೆ. 2013ರಲ್ಲಂತೂ ಓಪನರ್ ದಿನ ಮಿಲ್ ಲ್ಯಾಕ್ಸ್ ಲೇಕ್ ಮೇಲೆ ಇನ್ನೂ ಐಸ್ ಕೂತಿತ್ತು.

ವಾಲೈ ಮೊಟ್ಟೆ ಬಿಡೋದು ನೀರು ಸುಮಾರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ. ಐಸ್ ಹೋಗಿ ಹತ್ತು ದಿನ ಅಂದ್ರೆ ಆ ಕೆಲಸ ಮುಗೀತಾ ಇರುತ್ತೆ, ಇಲ್ಲವೇ ಈಗಷ್ಟೇ ಮುಗಿದಿರುತ್ತೆ. ರಾತ್ರಿ ಹೊತ್ತು, ಮೊಣಕಾಲಿಂದ ಎದೆಮಟ್ಟದ ನೀರಲ್ಲಿ, ಜಲ್ಲಿಕಲ್ಲು ಗುಂಡುಕಲ್ಲು ಇರೋ ಕಡೆ ಮೊಟ್ಟೆ ಚೆಲ್ಲಿ ಹೋಗ್ತವೆ. ಗೂಡೂ ಇಲ್ಲ, ಕಾವಲೂ ಇಲ್ಲ. ದೊಡ್ಡ ಹೆಣ್ಣುಗಳು ಮೊಟ್ಟೆ ಬಿಟ್ಟ ಮೇಲೆ ಪಕ್ಕದ ಆಳಕ್ಕೆ ಸರಿದು ಕೆಲವು ದಿನ ಸುಧಾರಿಸಿಕೊಳ್ತವೆ, ಆಗ ಸುಲಭಕ್ಕೆ ಕಚ್ಚಲ್ಲ. ಗಂಡುಗಳು ಮಾತ್ರ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಜಾಗ ಬಿಡ್ತವೆ. ಓಪನರ್‌ನಲ್ಲಿ ಜನರ ಕೈಗೆ ಬರೋದು ಹೆಚ್ಚಾಗಿ 14-18 ಇಂಚಿನ ಗಂಡು ಮೀನುಗಳೇ, ಕಾರಣ ಇದು.

ಹಿಡಿದ ಮೀನೇ ನಿಮಗೆ ಸುದ್ದಿ ಹೇಳುತ್ತೆ. ಕೈಯಲ್ಲಿ ಹಿಡಿದ ಕೂಡಲೇ ಗಂಡಿನ ಹೊಟ್ಟೆಯಡಿಯಿಂದ ಬಿಳಿ ಹಾಲು (ವೀರ್ಯ) ಧಾರೆಯಾಗಿ ಸೋರಿದರೆ ಮೊಟ್ಟೆ ಕೆಲಸ ಇನ್ನೂ ನಡೀತಿದೆ, ನೀವು ಕಲ್ಲಿನ ದಡಕ್ಕೆ ಹತ್ತಿರವೇ ಇರಿ. ಹಾಲು ಬರೀ ಹನಿಯಾಗಿದ್ದರೆ ಅಥವಾ ಇಲ್ಲವೇ ಇಲ್ಲ ಅಂದ್ರೆ, ಆ ದಡದಿಂದ ಹೊರಗಿನ ಮೊದಲ ಇಳಿಜಾರಿಗೆ ಹೋಗಿ. ಹಗಲಲ್ಲಿ 6ರಿಂದ 10 ಅಡಿ, ಸಂಜೆಗೆ 3ರಿಂದ 6 ಅಡಿ. 20 ಅಡಿ ದಿಬ್ಬಗಳನ್ನು ಜೂನ್ ಕೊನೆವರೆಗೂ ಮರೆತುಬಿಡಿ.

ಇನ್ನು ಯಾವ ಕಡೆ ಅನ್ನೋದು. ಲೀಚ್ ಲೇಕ್‌ನ ವಾಕರ್ ಬೇ (ಬೇ ಅಂದ್ರೆ ಲೇಕ್‌ನ ಕೊಲ್ಲಿ) ತುಂಬ ಆಳ, ಅದು ಬಿಸಿಯಾಗೋದು ಎಲ್ಲಕ್ಕಿಂತ ತಡ. ತಡವಾಗಿ ಐಸ್ ಹೋದ ವರ್ಷ ಮೊದಲ ದಿನವೇ ಅಲ್ಲಿಗೆ ಹೋಗೋದು ಸುಮ್ಮನೆ ಪೆಟ್ರೋಲ್ ದಂಡ. ಆಳ ಕಡಿಮೆ ಇರೋ ಸಕರ್ ಬೇ, ಪೋರ್ಟೇಜ್ ಬೇ, ಪೂರ್ವಕ್ಕೆ ಬಾಯ್ ರಿವರ್ ಬಂದು ಸೇರೋ ಬಾಯ್ ಬೇ, ಇಂಥ ಕಡೆ ಶುರು ಮಾಡಿ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಾದ್ದರಿಂದ ಲೇಕ್‌ನ ಉತ್ತರ ದಡಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತೆ, ಅಲ್ಲಿಗೆ ತಣ್ಣನೆ ಬಡಗಾಳಿಯೂ ತಾಗಲ್ಲ. ತಳ ಕಪ್ಪಗಿದ್ದರೆ ಇನ್ನೂ ಬೇಗ ಕಾಯುತ್ತೆ. ಒಂದು ಬೇಗೂ ಇನ್ನೊಂದಕ್ಕೂ ಐದಾರು ಡಿಗ್ರಿ ವ್ಯತ್ಯಾಸ ಸಿಕ್ಕರೆ ಆಶ್ಚರ್ಯಪಡಬೇಡಿ.

ಸೋನಾರ್ ತೋರಿಸೋ ಡಿಗ್ರಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದರ ಸೆನ್ಸರ್ ಇರೋದು ನೀರಿನ ಮೇಲ್ಪದರದಲ್ಲಿ. ಗಾಳಿಯಿಲ್ಲದ ಮಧ್ಯಾಹ್ನ ಮೇಲಿನ ನಾಲ್ಕು ಬೆರಳು ನೀರು ಮಾತ್ರ 54 ತೋರಿಸಿ, ಕೆಳಗೆ 49 ಇರಬಹುದು. ಬೆಳಗ್ಗೆ ಆರು ಗಂಟೆಗೆ ಏನು ತೋರಿಸುತ್ತೋ ಅದು ನಿಜಕ್ಕೆ ಹತ್ತಿರ.

ಕೊನೆಯದು ಗಾಳಿ. ನುಣ್ಣಗೆ ಕನ್ನಡಿಯಂತಿರೋ ನೀರನ್ನು ನೋಡಿ ಖುಷಿಪಡಬೇಡಿ, ಜೀಬ್ರಾ ಮಸಲ್ (ನೀರು ಸೋಸೋ ಸಣ್ಣ ಚಿಪ್ಪುಜೀವಿ) ಬಂದ ಮೇಲೆ ಲೀಚ್‌ನ ನೀರು ಮೊದಲಿಗಿಂತ ತಿಳಿ. ಬಿಸಿಲು ನೇರ ತಳ ಮುಟ್ಟಿದರೆ ವಾಲೈ ಆ ಜಾಗದಲ್ಲಿ ನಿಲ್ಲಲ್ಲ. ಒಂದೇ ದಿಕ್ಕಿಂದ ಎರಡು ದಿನ ಬೀಸಿದ ಗಾಳಿ ಯಾವ ದಡಕ್ಕೆ ಹೊಡೀತಿದೆಯೋ ಅಲ್ಲಿ ಬಿಸಿ ಮೇಲ್ನೀರು ಬಂದು ಒಟ್ಟಾಗಿರುತ್ತೆ, ಅಲೆಯಿಂದ ನೀರು ಸ್ವಲ್ಪ ಕದಡಿ ಬೆಳಕು ಕಡಿಮೆಯಾಗಿರುತ್ತೆ, ಸಣ್ಣ ಮೀನುಗಳೂ ಅಲ್ಲೇ ಇರ್ತವೆ. ವಾಲೈ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಚೆಲ್ಲೋ ಪದರ ಇದೆ. ಮಬ್ಬಲ್ಲಿ ಅದಕ್ಕೆ ಕಾಣುತ್ತೆ, ಅದು ತಿನ್ನೋ ಶೈನರ್‌ಗೂ ಪರ್ಚ್ ಮೀನಿಗೂ ಅಷ್ಟು ಕಾಣಲ್ಲ. ಒಂದಡಿ ಅಲೆ ಇರೋ ಮರಳು-ಕಲ್ಲು ಸೇರೋ ಅಂಚು ಸಿಕ್ಕರೆ ಅಲ್ಲಿಂದ ಕದಲಬೇಡಿ.

ಜಿಗ್_ರಿಪೇರಿ:

ಜಾಗದ ಮಾತಿಗೆ ನಾನು ಸೇರಿಸೋದು ಏನಿಲ್ಲ. ಎರೆ ಮತ್ತು ಸಾಮಾನಿನ ಬಗ್ಗೆ ಹೇಳ್ತೀನಿ.

ಜಿಗಣೆಯನ್ನು ಮನೇಲೇ ಬಿಟ್ಟು ಹೋಗಿ. ನೀರು 50 ಡಿಗ್ರಿಗಿಂತ ಕೆಳಗಿದ್ದರೆ ಅದು ಕೊಕ್ಕೆಗೆ ಸುತ್ತಿಕೊಂಡು ಗುಂಡಗೆ ಮುದುಡಿ ಕೂರುತ್ತೆ. ಈಜದ ಜಿಗಣೆ ಬರೀ ಕಪ್ಪು ಮುದ್ದೆ. ಈ ಹೊತ್ತಿಗೆ ಮಿನ್ನೋನೇ (ಎರೆಯ ಸಣ್ಣ ಮೀನು) ಸರಿ, ಅದರಲ್ಲೂ ಸ್ಪಾಟ್‌ಟೇಲ್ ಶೈನರ್.

ಶೈನರ್ ಯಾಕೆ ಸಿಗಲ್ಲ ಅಂದ್ರೆ, ಅವು ತಾವಾಗಿ ದಡಕ್ಕೆ ಬಂದಾಗ ಮಾತ್ರ ಬಲೆಗೆ ಬೀಳೋದು, ನೀರು ಕಾಯದೆ ಅವು ದಡಕ್ಕೆ ಬರಲ್ಲ. ಹೊರ ರಾಜ್ಯದಿಂದ ಎರೆಗಾಗಿ ಜೀವಂತ ಮಿನ್ನೋ ತರಿಸೋದಕ್ಕೆ ಮಿನೆಸೋಟದಲ್ಲಿ ನಿಷೇಧ ಇದೆ. ಹಾಗಾಗಿ ತಣ್ಣಗಿನ ವರ್ಷ ಓಪನರ್ ಹೊತ್ತಿಗೆ ಅಂಗಡಿ ಟ್ಯಾಂಕ್ ಖಾಲಿ ಇರೋದು ಸಹಜ. ಸಿಗದಿದ್ದರೆ ರೈನ್‌ಬೋ ಅಥವಾ ಫ್ಯಾಟ್‌ಹೆಡ್ ಅನ್ನೋ ಮಿನ್ನೋ ತಗೊಳ್ಳಿ. ಶೈನರೇ ದಡಕ್ಕೆ ಬಂದಿಲ್ಲ ಅಂದ ಮೇಲೆ ವಾಲೈ ಕೂಡ ಅದನ್ನೇ ಕಾಯ್ತಾ ಕೂತಿರಲ್ಲ. ಎರಡೂವರೆಯಿಂದ ಮೂರೂವರೆ ಇಂಚು ಉದ್ದ ಸಾಕು.

ಶೈನರ್ ಸಿಕ್ಕರೆ ಅದನ್ನು ಉಳಿಸೋದೇ ದೊಡ್ಡ ಕೆಲಸ. ಬಕೆಟ್‌ನಲ್ಲಿ ಕಿಕ್ಕಿರಿದು ತುಂಬಬೇಡಿ, ಬ್ಯಾಟರಿ ಏರೇಟರ್ ಓಡ್ತಾನೇ ಇರಲಿ, ಬಿಸಿಲಿಗೆ ಇಡಬೇಡಿ. ಕೈ ಹಾಕಿ ತಡಕಾಡಿದರೆ ಚಿಪ್ಪು ಉದುರಿ ಸಾಯ್ತವೆ, ಸಣ್ಣ ಬಲೆ ಬಳಸಿ. ನಲ್ಲಿ ನೀರು ಹಾಕೋದಾದರೆ ಮೊದಲು ಕ್ಲೋರಿನ್ ತೆಗೆಯೋ ಹನಿ ಹಾಕಿ, ಬಕೆಟ್ ನೀರಿನಷ್ಟೇ ತಣ್ಣಗಾದ ಮೇಲೆ ಬದಲಾಯಿಸಿ.

ಚುಚ್ಚೋ ಕ್ರಮ: ಜಿಗ್‌ನ ಕೊಕ್ಕೆಯನ್ನು ಶೈನರ್ ಬಾಯೊಳಗೆ ತೂರಿಸಿ ಕಿವಿರಿನಿಂದ ಹೊರಗೆ ತೆಗೀರಿ. ಪೂರ್ತಿ ಎಳೆದು, ಕೊಕ್ಕೆಯನ್ನು ತಿರುಗಿಸಿ, ಬೆನ್ನಿನ ರೆಕ್ಕೆಗಿಂತ ಸ್ವಲ್ಪ ಮುಂದೆ ಮೈಗೆ ಚುಚ್ಚಿ ಹೊರತನ್ನಿ. ಜಿಗ್ ತಲೆ ಮೀನಿನ ಮೂತಿಗೆ ಒತ್ತಿ ಕೂತಿರಬೇಕು, ಮೀನು ನೇರವಾಗಿ ಇರಬೇಕು. ಸೊಟ್ಟಗಿದ್ದರೆ ನೀರಲ್ಲಿ ಗಿರಗಿರ ತಿರುಗುತ್ತೆ, ಲೈನ್ ಹುರಿಗಟ್ಟುತ್ತೆ, ವಾಲೈ ಹತ್ತಿರ ಬರಲ್ಲ. ಹೀಗೆ ಚುಚ್ಚಿದ ಶೈನರ್ ಬೇಗ ಸಾಯುತ್ತೆ, ಪರವಾಗಿಲ್ಲ, ಆಟ ಕೊಡೋದು ನಿಮ್ಮ ಕೈ. ಫ್ಯಾಟ್‌ಹೆಡ್‌ಗೆ ಇಷ್ಟೆಲ್ಲ ಬೇಡ, ಗದ್ದದ ಕೆಳಗಿಂದ ಚುಚ್ಚಿ ತಲೆ ಮೇಲೆ ಹೊರತಂದರೆ ಆಯ್ತು.

ತೂಕ: 10 ಅಡಿ ಒಳಗೆ 1/8 ಔನ್ಸ್. ಗಾಳಿ ಜೋರಿದ್ದರೆ 1/4. ಗಾಳಿ ಪೂರ್ತಿ ನಿಂತು ಮೀನು ಮುನಿಸಿಕೊಂಡಿದ್ದರೆ 1/16. ಇದಕ್ಕಿಂತ ಒಳ್ಳೆ ಅಳತೆ ಲೈನ್‌ನ ಕೋನ: ಬೋಟ್ ಸರಿಯುವಾಗ ಲೈನ್ ನೀರಿಗೆ ಸುಮಾರು 45 ಡಿಗ್ರಿಯಲ್ಲಿ ಇಳಿದಿರಬೇಕು. ಅದಕ್ಕಿಂತ ಮಲಗಿದರೆ ಜಿಗ್ ತಳದಿಂದ ಎದ್ದು ತೇಲ್ತಿದೆ ಅಂತ ಅರ್ಥ. ಮೊದಲು ಬೋಟ್ ನಿಧಾನ ಮಾಡಿ, ಆಗದಿದ್ದರೆ ಮಾತ್ರ ತೂಕ ಏರಿಸಿ. ಬೋಟ್ ವೇಗ ಗಂಟೆಗೆ ಅರ್ಧ ಮೈಲಿ ಆಸುಪಾಸು, ಅದಕ್ಕೂ ಕಮ್ಮಿಯಾದರೂ ಸರಿ. ಗಾಳಿಗೆ ಬೋಟ್ ನಿಲ್ಲದಿದ್ದರೆ ಡ್ರಿಫ್ಟ್ ಸಾಕ್ (ನೀರಲ್ಲಿ ಎಳೆದು ಬೋಟ್ ನಿಧಾನ ಮಾಡೋ ಚೀಲ) ಬಿಡಿ.

ರಾಡ್ ಆರೂವರೆಯಿಂದ ಏಳು ಅಡಿ, ಮೀಡಿಯಂ ಲೈಟ್, ತುದಿ ಚುರುಕಾಗಿರಲಿ. 2500 ಸೈಜ್ ಸ್ಪಿನ್ನಿಂಗ್ ರೀಲ್. ಲೈನ್ 6 ಪೌಂಡ್ ಮಾನೋ (ಒಂಟಿ ಎಳೆಯ ದಾರ), ಇಲ್ಲಾಂದ್ರೆ 8-10 ಪೌಂಡ್ ಬ್ರೇಡ್‌ಗೆ (ಹೆಣೆದ ದಾರ) ನಾಲ್ಕಡಿ 6-8 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ತುದಿಯ ದಾರ), ಡಬಲ್ ಯೂನಿ ಗಂಟು ಹಾಕಿ. ಬ್ರೇಡ್ ಸುಲಭವಾಗಿ ಜಾರುತ್ತೆ, ಅದರ ಕಡೆ ಎರಡು ಸುತ್ತು ಜಾಸ್ತಿ ಇರಲಿ. ಎಳೆಯೋ ಮುಂಚೆ ಗಂಟು ಒದ್ದೆ ಮಾಡಿ.

ಬೆಂಡು_ಮುಳುಗ್ತು:

ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಸಂದೇಹ. ತಣ್ಣೀರಲ್ಲಿ ಕಚ್ಚಿದ್ದು ಗೊತ್ತಾಗುತ್ತೆ, ಎಳೆದರೆ ಖಾಲಿ ಕೊಕ್ಕೆ, ಮಿನ್ನೋ ಬಾಲದ ಕಡೆ ಕೆರೆದಿರುತ್ತೆ ಅಂತ ತುಂಬ ಕಡೆ ಓದಿದೆ. ಇದಕ್ಕೇನು ಮಾಡೋದು? ಬಾಲದ ಕಡೆಗೆ ಸ್ಟಿಂಗರ್ ಅನ್ನೋ ಹೆಚ್ಚುವರಿ ಕೊಕ್ಕೆ ಕಟ್ಟಬೇಕಾ?

ಜಿಗ್_ರಿಪೇರಿ:

ಸ್ಟಿಂಗರ್ ಕೊನೇ ಉಪಾಯ. ಅದು ಕಲ್ಲಿಗೆ ಸಿಕ್ಕಿಕೊಳ್ಳುತ್ತೆ, ಮಿನ್ನೋ ಬಾಲದ ಆಟವೂ ಕೆಡುತ್ತೆ. ಮುಂಚೆ ಇಷ್ಟು ಮಾಡಿ.

ಜಿಗ್ ಕುಣಿಸೋದನ್ನು ಕಮ್ಮಿ ಮಾಡಿ. ತಳದಿಂದ ಒಂದು ಗೇಣು ಎತ್ತಿ, ಹಿಡಿದು, ಲೈನ್ ಅರೆಬಿಗಿ ಇಟ್ಟುಕೊಂಡೇ ಇಳಿಸಿ, ತಳ ಮುಟ್ಟಿದ ಮೇಲೆ ಎರಡು ಮೂರು ಸೆಕೆಂಡ್ ಸುಮ್ಮನಿರಿ. ಬಹುಪಾಲು ಮೀನು ಕಚ್ಚೋದು ಇಳಿಯುವಾಗ. ಲೈನ್ ಸಡಿಲ ಬಿಟ್ಟು ಇಳಿಸಿದರೆ ಆ ಸಣ್ಣ ಟಿಕ್ ಕೈಗೆ ಬರಲ್ಲ, ಮುಂದಿನ ಸಲ ಎತ್ತುವಾಗ ರಬ್ಬರ್ ಎಳೆದಂಥ ಭಾರ ಮಾತ್ರ ಸಿಗುತ್ತೆ. ಆ ಭಾರವೂ ಮೀನೇ.

ಟಿಕ್ ಬಂದ ಕೂಡಲೇ ಜಾಡಿಸಬೇಡಿ. ರಾಡ್ ತುದಿಯನ್ನು ಮೀನಿನ ಕಡೆ ಒಂದಡಿ ಬಗ್ಗಿಸಿ, ಒಂದೆರಡು ಸೆಕೆಂಡ್ ಬಿಟ್ಟು, ಭಾರ ಇದೆ ಅನ್ನಿಸಿದ ಮೇಲೆ ಪಕ್ಕಕ್ಕೆ ಉದ್ದವಾಗಿ ಎಳೀರಿ. ತಣ್ಣೀರಲ್ಲಿ ವಾಲೈ ಬಾಲ ಕಚ್ಚಿ ಹಿಡಿದುಕೊಂಡಿರುತ್ತೆ, ಒಳಗೆ ಸರಿಸಿಕೊಳ್ಳೋದಕ್ಕೆ ಪುರುಸೊತ್ತು ಬೇಕು. ಹಾಗೂ ಖಾಲಿ ಬಂದರೆ ಸಣ್ಣ ಮಿನ್ನೋಗೆ ಇಳೀರಿ, ಇಲ್ಲವೇ ಉದ್ದ ಕಾಲಿನ ಕೊಕ್ಕೆ ಇರೋ ಜಿಗ್‌ಗೆ ಬದಲಾಯಿಸಿ. ಬಾಲದ ಎರಡು ಪಕ್ಕದಲ್ಲೂ ಗೀರು ಕಂಡರೆ ವಾಲೈ. ಮಧ್ಯಕ್ಕೆ ಕತ್ತರಿಸಿ ಹೋಗಿದ್ದರೆ ನಾರ್ದರ್ನ್ ಪೈಕ್ ಅನ್ನೋ ಬೇರೆ ಮೀನು, ಜಾಗ ಬದಲಾಯಿಸಿ.

ರಾತ್ರಿಪಾಳಿ:

ಎಲ್ಲರೂ ಬೋಟು, ಜಿಗ್ ಅಂತಲೇ ಮಾತಾಡ್ತಿದ್ದೀರಿ. ಐಸ್ ತಡವಾದ ವರ್ಷದ ಒಳ್ಳೆ ಹೊತ್ತು ಸೂರ್ಯ ಮುಳುಗಿದ ಮೇಲಿನ ಎರಡು ಗಂಟೆ, ಅದನ್ನು ಬಿಟ್ಟು ಬೆಳಗ್ಗೆ ಹತ್ತಕ್ಕೆ ಮೀನು ಇಲ್ಲ ಅಂತ ಅಳೋದು ಯಾಕೆ?

ದಡದಿಂದ, ಅಥವಾ ವೇಡರ್ಸ್ (ನೀರು ಒಳಬಿಡದ ಉದ್ದ ಪ್ಯಾಂಟು) ಹಾಕಿ ತೊಡೆಮಟ್ಟ ನೀರಲ್ಲಿ ನಿಂತು, ಮಿನ್ನೋ ಆಕಾರದ ಉದ್ದ ಪ್ಲಗ್ (ಕೊಕ್ಕೆ ಇರೋ ನಕಲಿ ಮೀನು) ಎಸೀರಿ. ರಾಪಾಲ ಒರಿಜಿನಲ್ ಫ್ಲೋಟಿಂಗ್ 11, ಹಸ್ಕಿ ಜರ್ಕ್, ಇಂಥವು. ಬೆಳ್ಳಿ-ಕಪ್ಪು ಸಾಕು, ಬಣ್ಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳೋದು ಬೇಡ. ತಲೆ ಕೆಡಿಸಿಕೊಳ್ಳಬೇಕಾದ್ದು ವೇಗಕ್ಕೆ: ಪ್ಲಗ್ ಅಲುಗಾಡೋದು ರಾಡ್ ತುದಿಗೆ ಅಷ್ಟೋ ಇಷ್ಟೋ ಗೊತ್ತಾಗಬೇಕು, ಅದಕ್ಕಿಂತ ಜೋರಾದರೆ ಈ ನೀರಿಗೆ ಅದು ಓಟ. ನಾಲ್ಕು ಸುತ್ತು, ಸ್ವಲ್ಪ ನಿಲ್ಲಿಸು, ಮತ್ತೆ ನಾಲ್ಕು ಸುತ್ತು. ಕಚ್ಚೋದು ನಿಂತಾಗ. ಬೋಟಲ್ಲೇ ಇದ್ದರೆ ಐದಾರು ಅಡಿ ನೀರಲ್ಲಿ, ಟ್ರೋಲಿಂಗ್ ಮೋಟರ್‌ನಲ್ಲಿ ಗಂಟೆಗೆ ಒಂದು, ಒಂದೂಕಾಲು ಮೈಲಿ ವೇಗಕ್ಕೆ, ನೂರಡಿ ಹಿಂದೆ ಬಿಟ್ಟು ಎಳೀರಿ. ಹೆಡ್‌ಲ್ಯಾಂಪ್ ಬೆಳಕನ್ನು ನೀರಿಗೆ ಹಾಯಿಸಬೇಡಿ, ಕೆಂಪು ಬೆಳಕಿಟ್ಟುಕೊಂಡು ಗಂಟು ಹಾಕಿ.

ನೀರು ನಿಂತು ಬಿಸಿಲು ಸುಡುವ ಹಗಲಿಗೆ ಸ್ಲಿಪ್ ಬಾಬರ್ (ಲೈನ್ ಮೇಲೆ ಜಾರೋ ಬೆಂಡು). ಮೇಲಿಂದ ಕೆಳಕ್ಕೆ ಕ್ರಮ: ದಾರದ ತಡೆಗಂಟು, ಮಣಿ, ಬೆಂಡು, ಸೀಸದ ಗುಂಡು, ಕೆಳಗೆ ಒಂದೂವರೆ ಅಡಿ ಬಿಟ್ಟು 6ನೇ ನಂಬರ್ ಕೊಕ್ಕೆ ಅಥವಾ 1/32 ಔನ್ಸ್ ಜಿಗ್. ಮಣಿ ಮರೆತರೆ ತಡೆಗಂಟು ಬೆಂಡಿನ ತೂತಲ್ಲಿ ನುಸುಳಿ ಹೋಗಿ ಎಲ್ಲ ತಳಕ್ಕೆ. ಆಳ ಹೊಂದಿಸೋದಕ್ಕೆ ಬೆಂಡನ್ನು ಮುಳುಗಿಸುವಷ್ಟು ಭಾರದ ಕ್ಲಿಪ್ ತೂಕವನ್ನು ಕೊಕ್ಕೆಗೆ ಸಿಕ್ಕಿಸಿ ಬಿಡಿ. ಬೆಂಡು ಅಡ್ಡ ಮಲಗಿದರೆ ಲೈನ್ ಉದ್ದ ಜಾಸ್ತಿ, ಕಣ್ಮರೆಯಾದರೆ ಕಮ್ಮಿ. ನೀರಿನ ಮಟ್ಟದಿಂದ ಸರಿಯಾಗಿ ಒಂದಡಿ ಕೆಳಗೆ ಬೆಂಡು ನಿಂತರೆ, ತೂಕ ತೆಗೆದ ಮೇಲೆ ನಿಮ್ಮ ಮಿನ್ನೋ ತಳದಿಂದ ಒಂದಡಿ ಮೇಲೆ ನಿಲ್ಲುತ್ತೆ. ಮಿನ್ನೋ ಜೀವಂತ ಇರಬೇಕು, ಬೆನ್ನ ರೆಕ್ಕೆಯ ಬುಡದಲ್ಲಿ ತೆಳ್ಳಗೆ ಚುಚ್ಚಿ.

ದೋಣಿಕಟ್ಟೆ:

ರಾತ್ರಿಪಾಳಿ ಹೇಳಿದ್ದಕ್ಕೆ ಒಂದು ತಡೆ. ರಾತ್ರಿ ಗಾಳ ಹಾಕೋದಕ್ಕೆ ಕೆಲವು ಲೇಕ್‌ಗಳಲ್ಲಿ ಕೆಲವು ವರ್ಷ ನಿರ್ಬಂಧ ಇರುತ್ತೆ. ನದಿ ಬಾಯಿಗಳಲ್ಲೂ ಮೊಟ್ಟೆ ಕಾಲಕ್ಕೆ ಮುಚ್ಚಿದ ಜಾಗಗಳಿರ್ತವೆ, ಬೋರ್ಡ್ ಹಾಕಿರ್ತಾರೆ. ಎಷ್ಟು ಮೀನು, ಎಷ್ಟು ಇಂಚು ಅನ್ನೋದು ಇಡೀ ರಾಜ್ಯಕ್ಕೊಂದು, ಲೇಕ್‌ಗೊಂದು. ಈ ವರ್ಷದ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಪುಸ್ತಕ ನೋಡಿ, ರ‍್ಯಾಂಪ್ (ಬೋಟ್ ನೀರಿಗಿಳಿಸೋ ಜಾಗ) ಬಳಿಯ ಬೋರ್ಡನ್ನೂ ಓದಿ, ಹಳೇ ಪೋಸ್ಟ್‌ಗಳ ಲೆಕ್ಕ ನಂಬಬೇಡಿ. ಐಸ್ ಇಲ್ಲದ ಕಾಲದಲ್ಲಿ ಒಬ್ಬರಿಗೆ ಒಂದೇ ಲೈನ್. ಅಳತೆಪಟ್ಟಿ ಕೈಗೆ ಸಿಗುವಂತಿರಲಿ. ಇನ್ನೂ ಮೊಟ್ಟೆ ತುಂಬಿದ ದೊಡ್ಡ ಹೆಣ್ಣು ಬಂದರೆ ನೀರಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ಫೋಟೋ ಬೇಕೇ ಬೇಕಂದ್ರೆ ಒದ್ದೆ ಕೈಯಲ್ಲಿ, ಹೊಟ್ಟೆ ಕೆಳಗೆ ಆಸರೆ ಕೊಟ್ಟು ಹಿಡೀರಿ.

ಈಗ ಮುಖ್ಯ ಮಾತು. 45 ಡಿಗ್ರಿ ನೀರಿಗೆ ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ 1-10-1 ಅಂತ ಒಂದು ಲೆಕ್ಕ ಇದೆ: ಉಸಿರು ಹತೋಟಿಗೆ ಬರೋದಕ್ಕೆ ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳೋದು ಹತ್ತು ನಿಮಿಷ, ಪ್ರಜ್ಞೆ ಹೋಗೋದಕ್ಕೆ ಸುಮಾರು ಒಂದು ಗಂಟೆ. ಲೈಫ್ ಜಾಕೆಟ್ ಇಲ್ಲದವರು ಹೆಚ್ಚಾಗಿ ಆ ಒಂದು ಗಂಟೆಯವರೆಗೆ ಉಳಿಯಲ್ಲ, ಮೊದಲ ನಿಮಿಷದಲ್ಲೇ ಏದುಸಿರಿಗೆ ನೀರು ಕುಡಿದು ಮುಳುಗೋರೂ ಇದ್ದಾರೆ. ಸೀಟ್ ಕೆಳಗೆ ಇಟ್ಟ ಜಾಕೆಟ್ ಲೆಕ್ಕಕ್ಕಿಲ್ಲ, ಮೈಮೇಲೆ ಇರಲಿ. ಟಿಲ್ಲರ್ ಮೋಟರ್‌ನ ಕಿಲ್ ಸ್ವಿಚ್ ಹಗ್ಗ (ಬಿದ್ದರೆ ಮೋಟರ್ ತಾನೇ ನಿಲ್ಲಿಸೋದು) ಓಡಿಸೋರ ಮೈಗೆ ಸಿಕ್ಕಿಸಿ. 2021ರ ಏಪ್ರಿಲ್ 1ರಿಂದ ಫೆಡರಲ್ ವ್ಯಾಪ್ತಿಯ ನೀರಲ್ಲಿ 26 ಅಡಿಗಿಂತ ಚಿಕ್ಕ ಬೋಟ್‌ಗಳಿಗೆ ಅದು ಕಾನೂನೂ ಹೌದು. ವೇಡರ್ಸ್ ಹಾಕೋರು ಸೊಂಟದ ಬೆಲ್ಟ್ ಬಿಗಿ ಮಾಡಿ, ಒಬ್ಬರೇ ನೀರಿಗೆ ಇಳೀಬೇಡಿ.

ಇಬ್ಬರು ಕೂತ 16 ಅಡಿ ಬೋಟ್‌ಗೆ ಲೀಚ್‌ನ ತೆರೆದ ಮೈ ದೊಡ್ಡದಾಯ್ತು. ಗಾಳಿ 15 ಮೈಲಿ ದಾಟುವ ಮುನ್ಸೂಚನೆ ಇದ್ದರೆ ಬೇ ಒಳಗೇ ಇರಿ. ತಣ್ಣೀರು ಹೇಳಿದ ಗಾಳಿ ಹೊಡೆಯೋ ದಡ ಮೀನಿಗೆ ಒಳ್ಳೇದೇ, ಆದರೆ ಮೋಟರ್ ಕೈಕೊಟ್ಟರೆ ಅದೇ ಕಲ್ಲಿಗೆ ಬೋಟ್ ಹೋಗಿ ಬಡಿಯುತ್ತೆ. ಲಂಗರು ಕಟ್ಟಿ ತಯಾರಾಗಿ ಇಟ್ಟಿರಿ. ಮೂತಿಯಿಂದ ಕಟ್ಟಿ, ಹಿಂಬದಿಯಿಂದ ಕಟ್ಟಿದರೆ ಅಲೆ ಟ್ರಾನ್ಸಮ್ (ಬೋಟಿನ ಹಿಂಗೋಡೆ) ಹತ್ತಿ ಒಳಗೆ ಬರುತ್ತೆ.

ರ‍್ಯಾಂಪ್‌ನಲ್ಲಿ: ರಸ್ತೆ ಮೇಲೆ ಡ್ರೈನ್ ಪ್ಲಗ್ (ಬೋಟಿನ ನೀರು ಹೊರಬಿಡೋ ತೂತಿನ ಬಿರಡೆ) ತೆಗೆದಿರಬೇಕು ಅನ್ನೋದು ರಾಜ್ಯದ ನಿಯಮ. ಹಾಗಾಗಿ ನೀರಿಗೆ ಇಳಿಸೋ ಮುಂಚೆ ವಾಪಸ್ ಹಾಕೋದು ನೆನಪಿರಲಿ, ಓಪನರ್ ಬೆಳಗ್ಗೆ ಅರ್ಧ ಮುಳುಗಿದ ಬೋಟ್ ಒಂದಾದರೂ ಕಾಣುತ್ತೆ. ಹೊರಡುವಾಗ ಕಳೆ, ಮಸಲ್ ಏನೂ ಅಂಟಿರಬಾರದು, ಲೈವ್‌ವೆಲ್ (ಹಿಡಿದ ಮೀನು ಇಡೋ ತೊಟ್ಟಿ) ಖಾಲಿ. ಉಳಿದ ಮಿನ್ನೋ ಬೇಕಿದ್ದರೆ ಲೇಕ್ ನೀರು ಚೆಲ್ಲಿ ನಲ್ಲಿ ಅಥವಾ ಬಾಟಲ್ ನೀರು ತುಂಬಿಸಿ, ಬೇಡದಿದ್ದರೆ ಕಸದ ಡಬ್ಬಕ್ಕೆ, ಲೇಕ್‌ಗೆ ಖಂಡಿತ ಸುರಿಯಬಾರದು.

ಬೆಂಡು_ಮುಳುಗ್ತು:

ಶುಕ್ರವಾರ ರಾತ್ರಿ ಶೀತಗಾಳಿ ಬರುತ್ತೆ, ಶನಿವಾರ ಆಕಾಶ ಸ್ವಚ್ಛ, ಬಡಗಾಳಿ ಅಂತಿದೆ ಮುನ್ಸೂಚನೆ. ಆಗಲೂ ಇದೇ ಪ್ಲಾನಾ? ಮತ್ತೆ, ಭಾನುವಾರ ರೇನಿ ಲೇಕ್‌ನ ಒಂಟಾರಿಯೊ ಕಡೆಗೆ ಹೋಗೋದಾದರೆ ಉಳಿದ ಮಿನ್ನೋ ಒಯ್ಯಬಹುದಾ?

ತಣ್ಣೀರು:

ಎರಡನೇದಕ್ಕೆ ಮೊದಲು ಉತ್ತರ: ಇಲ್ಲ. ಎರೆಗೆ ಬಳಸೋ ಮೀನು, ಜಿಗಣೆ ಯಾವುದನ್ನೂ ಒಂಟಾರಿಯೊಗೆ ಒಯ್ಯುವಂತಿಲ್ಲ, ಲೈಸೆನ್ಸ್ ಕೂಡ ಅಲ್ಲಿನದ್ದೇ ಬೇಕು. ಪ್ಲಾಸ್ಟಿಕ್ ಮಿನ್ನೋ ಜೊತೆಗಿಟ್ಟುಕೊಳ್ಳಿ, ಮೂರು ಇಂಚಿನದ್ದು, 1/8 ಜಿಗ್‌ಗೆ ಸರಿಹೊಂದುತ್ತೆ.

ಶೀತಗಾಳಿಗೆ ಪ್ಲಾನ್ ಬದಲಾಗುತ್ತೆ. ಆಳ ಕಮ್ಮಿ ಇರೋ ಬೇಗಳು ಎಷ್ಟು ಬೇಗ ಕಾಯ್ತವೋ ಅಷ್ಟೇ ಬೇಗ ತಣ್ಣಗಾಗ್ತವೆ, ಒಂದೇ ರಾತ್ರಿಗೆ ನಾಲ್ಕೈದು ಡಿಗ್ರಿ ಇಳೀಬಹುದು. ಮೀನು ದೂರ ಹೋಗಲ್ಲ, ಹತ್ತಿರದ ಇಳಿಜಾರಿಗೆ ಜಾರಿ 10-14 ಅಡಿಯಲ್ಲಿ ತಳಕ್ಕೆ ಹೊಟ್ಟೆ ಒತ್ತಿ ಮಲಗುತ್ತೆ. ಸೋನಾರ್‌ನಲ್ಲಿ ತಳದ ಗೆರೆಯ ಜೊತೆಗೇ ಸೇರಿ ಹೋಗೋದರಿಂದ ಮೀನೇ ಇಲ್ಲ ಅನ್ನಿಸುತ್ತೆ. ಅಲ್ಲಿ 1/4 ಔನ್ಸ್ ವಾಕಿಂಗ್ ಸಿಂಕರ್ (ತಳದ ಮೇಲೆ ಸಾಗೋ ತೂಕ), ಐದಡಿ ಸ್ನೆಲ್ (ಕೊಕ್ಕೆ ಕಟ್ಟಿದ ದಾರ), 6ನೇ ನಂಬರ್ ಕೊಕ್ಕೆ, ತುಟಿಗೆ ಚುಚ್ಚಿದ ಸಣ್ಣ ಜೀವಂತ ಮಿನ್ನೋ. ಇಳಿಜಾರಿನ ಅಂಚು ಹಿಡಿದು ಬೋಟ್ ಬರೀ ತೆವಳಲಿ. ಕಚ್ಚಿದರೆ ಬೇಲ್ (ರೀಲ್‌ನ ದಾರ ತಡೆಯೋ ತಂತಿ) ತೆರೆದು ಲೈನ್ ಬಿಡಿ, ಐದಾರು ಸೆಕೆಂಡ್ ಕಳೆದು, ಸಡಿಲ ಸುತ್ತಿ, ಭಾರ ಸಿಕ್ಕ ಮೇಲೆ ಎಳೀರಿ. ಬೆಳಗ್ಗೆ ಐದಕ್ಕೇ ಎದ್ದು ಓಡಬೇಡಿ. ಅಂಥ ದಿನ ಮಧ್ಯಾಹ್ನ ಎರಡರ ಮೇಲೆ, ಬೇ ನೀರು ಮತ್ತೆ ಒಂದೆರಡು ಡಿಗ್ರಿ ಏರಿದಾಗ ಸ್ವಲ್ಪ ಚುರುಕಾಗುತ್ತೆ, ಸಂಜೆ ಬಡಗಾಳಿ ನಿಂತರೆ ರಾತ್ರಿಪಾಳಿಯ ಪ್ಲಗ್ ಎಸೀಬಹುದು.